ವೈಟ್‌ಫೀಲ್ಡ್, ವರ್ತೂರು, ಸರ್ಜಾಪುರ ಕಡೆಯ ವಿಲ್ಲಾ ಬಡಾವಣೆ: ಕೊಳ್ಳುವ ಮುಂಚೆ, ಕೊಂಡ ಮೇಲೆ

ಮೂರನೇ ಕ್ರಾಸ್

ನಮಸ್ಕಾರ. ವೈಟ್‌ಫೀಲ್ಡ್‌ನಿಂದ ವರ್ತೂರು, ಗುಂಜೂರು ದಾಟಿ ಸರ್ಜಾಪುರದವರೆಗೆ ವಿಲ್ಲಾ ಹುಡುಕುತ್ತಿರುವವರಿಗೆ ಉಪಯೋಗವಾಗಲಿ ಎಂದು ಈ ಚರ್ಚೆ. ಬ್ರೋಷರ್‌ನಲ್ಲಿ ಕ್ಲಬ್‌ಹೌಸ್, ಈಜುಕೊಳ, ಸಾಲುಮರ ಎಲ್ಲ ಇರುತ್ತದೆ. ನೀರು ಎಲ್ಲಿಂದ ಬರುತ್ತದೆ, ಕೊಳಚೆ ಎಲ್ಲಿಗೆ ಹೋಗುತ್ತದೆ, ಜಾಗದ ಹಳೇ ಕಥೆ ಏನು, ತಿಂಗಳ ಖರ್ಚು ಯಾತಕ್ಕೆ ಅಷ್ಟಾಗುತ್ತದೆ, ಪಕ್ಕದ ಊರಿನವರ ಜೊತೆ ಹೇಗಿರಬೇಕು, ಇದ್ಯಾವುದೂ ಅದರಲ್ಲಿ ಇರುವುದಿಲ್ಲ. ತಿಳಿದವರು ಅಳತೆ, ಅಂಕಿ ಸಮೇತ ಬರೆಯಿರಿ. ಶಾಲೆ, ಮಾಲ್, ಮೆಟ್ರೊ ವಿಚಾರ ಬೇಡ, ಅದನ್ನು ಏಜೆಂಟರೇ ಹೇಳುತ್ತಾರೆ.

ಸರ್ವೆ ನಂಬರ್

ಜಾಗದಿಂದ ಶುರು ಮಾಡೋಣ. ವೈಟ್‌ಫೀಲ್ಡ್ ಹುಟ್ಟಿದ್ದು 1882ರಲ್ಲಿ, ಆಂಗ್ಲೋ ಇಂಡಿಯನ್ನರ ವಸಾಹತಾಗಿ, ಚಾಮರಾಜ ಒಡೆಯರು ಕೊಟ್ಟ ಜಮೀನಿನಲ್ಲಿ. ಸುತ್ತ ಇದ್ದದ್ದೆಲ್ಲ ರಾಗಿ ಹೊಲ, ಗದ್ದೆ, ಕೆರೆ. 2007ರಲ್ಲಿ 7 ನಗರಸಭೆ, 1 ಪುರಸಭೆ, 110 ಹಳ್ಳಿ ಸೇರಿ ಬಿಬಿಎಂಪಿ ಆಯಿತು. 2025ರ ಸೆಪ್ಟೆಂಬರ್‌ನಲ್ಲಿ ಅದೂ ಹೋಗಿ ಐದು ನಗರಪಾಲಿಕೆಗಳಾದವು, ಮಹದೇವಪುರ, ಕೆ.ಆರ್. ಪುರ ಕಡೆಯದು ಪೂರ್ವ ಪಾಲಿಕೆ. ಸರ್ಜಾಪುರ ಮಾತ್ರ ಆನೇಕಲ್ ತಾಲ್ಲೂಕು. ಹೆಸರು ಎಷ್ಟು ಬದಲಾದರೂ ನಿಮ್ಮ ವಿಲ್ಲಾ ನಿಂತಿರುವುದು ಒಂದು ಹಳ್ಳಿಯ ಸರ್ವೆ ನಂಬರಿನ ಮೇಲೆ. ಆ ಸರ್ವೆ ನಂಬರ್ ಹಿಡಿದು ಹಿಂದಕ್ಕೆ ಹೋಗಬೇಕು.

ಮೊದಲು ಪಹಣಿ. ಭೂಪರಿವರ್ತನೆ ಆಗಿದ್ದರೂ ಪರಿವರ್ತನೆಗೆ ಮುಂಚಿನ ಪಹಣಿ ತೆಗೆಸಿ. ವಿಸ್ತೀರ್ಣದ ಕಲಂನಲ್ಲಿ ಒಟ್ಟು ವಿಸ್ತೀರ್ಣ, ‘ಅ’ ಖರಾಬು, ‘ಬ’ ಖರಾಬು ಬೇರೆ ಬೇರೆ ಬರೆದಿರುತ್ತದೆ. ‘ಅ’ ಖರಾಬು ಬಂಡೆ, ಕಣ ಮುಂತಾದ ಸಾಗುವಳಿಗೆ ಬಾರದ ಜಾಗ. ‘ಬ’ ಖರಾಬು ಸರ್ಕಾರದ್ದು: ಹಳ್ಳ, ಕಾಲುವೆ, ದಾರಿ, ಸ್ಮಶಾನ. 5 ಎಕರೆಯಲ್ಲಿ 12 ಗುಂಟೆ ‘ಬ’ ಖರಾಬು ಇದ್ದರೆ ಆ 12 ಗುಂಟೆ ಈಗ ಬಡಾವಣೆಯಲ್ಲಿ ಏನಾಗಿದೆ ಅಂತ ಬಿಲ್ಡರ್‌ನನ್ನು ನಕ್ಷೆ ಮುಂದಿಟ್ಟು ಕೇಳಿ. ಕೆಲವು ಕಡೆ ಅದು ಪಾರ್ಕ್ ಆಗಿರುತ್ತದೆ, ಕೆಲವು ಕಡೆ ಮೂರು ವಿಲ್ಲಾ ಆಗಿರುತ್ತದೆ.

9ನೇ ಕಲಂ ಮಾಲೀಕರದು, 10 ಜಮೀನು ಬಂದ ಬಗೆ, 11 ಋಣ ಮತ್ತು ಇತರ ಹಕ್ಕು. 10ರಲ್ಲಿ ‘ದರಖಾಸ್ತು’ ಅಥವಾ ‘ಮಂಜೂರು’ ಎಂದಿದ್ದರೆ ಅಲ್ಲೇ ನಿಲ್ಲಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನು ಸರ್ಕಾರದ ಅನುಮತಿ ಇಲ್ಲದೆ ಪರಭಾರೆ ಆಗಿದ್ದರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಆ ಕ್ರಯ ನಿಲ್ಲುವುದಿಲ್ಲ. 2023ರ ತಿದ್ದುಪಡಿ ಆದ ಮೇಲೆ ‘ಬಹಳ ವರ್ಷ ಆಯಿತು’ ಎಂಬ ವಾದವನ್ನೂ ನೆಚ್ಚುವಂತಿಲ್ಲ. ಮೂಲ ಮಂಜೂರಾತಿ ಆದೇಶ, ಅನುಮತಿ ಪತ್ರ ಎರಡನ್ನೂ ಕಣ್ಣಾರೆ ನೋಡದೆ ಅಡ್ವಾನ್ಸ್ ಕೊಡಬೇಡಿ.

ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತು (ಪಂಚಾಯಿತಿ ಆಸ್ತಿಯ ಗಣಕೀಕೃತ ದಾಖಲೆ) ನೋಡಿ. ನಮೂನೆ 9 ಇದ್ದರೆ ಕ್ರಮಬದ್ಧ ಸ್ವತ್ತು. 11-ಬಿ ಮಾತ್ರ ಇದ್ದರೆ ಅದು ತೆರಿಗೆ ಕಟ್ಟಿಸಿಕೊಳ್ಳಲು ಮಾಡಿದ ದಾಖಲೆ, ಬಡಾವಣೆಗೆ ಅನುಮೋದನೆ ಇದೆ ಎಂದಲ್ಲ. ‘ಪಂಚಾಯಿತಿ ಅಪ್ರೂವ್ಡ್ ಲೇಔಟ್’ ಎಂಬ ಮಾತಿಗೆ ಬೆಲೆ ಕೊಡಬೇಡಿ. ಬಡಾವಣೆ ನಕ್ಷೆಗೆ ಯೋಜನಾ ಪ್ರಾಧಿಕಾರದ ಅನುಮೋದನೆ ಇರಬೇಕು. ಇಸಿ (ಋಣಭಾರ ಪ್ರಮಾಣಪತ್ರ) ಕನಿಷ್ಠ 30 ವರ್ಷದ್ದು ತೆಗೆಸಿ. 2004ರ ಏಪ್ರಿಲ್‌ನಿಂದ ಈಚಿನದು ಆನ್‌ಲೈನ್‌ನಲ್ಲಿ ಸಿಗುತ್ತದೆ, ಅದಕ್ಕೂ ಹಿಂದಿನದಕ್ಕೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಲೇಬೇಕು. ಜನ ಬಿಟ್ಟುಬಿಡುವುದು ಈ ಹಳೇ ಭಾಗವನ್ನೇ.

ನೀರುಗಂಟಿ

ಸರ್ವೆ ನಂಬರ್ ಸರ್, ಪಹಣಿ ವಿಷ್ಯದಲ್ಲಿ ಒಂದು ಸೇರಿಸ್ತೀನಿ. ಜಮೀನು ‘ತರಿ’ನೋ ‘ಖುಷ್ಕಿ’ನೋ ಅಂತ ಹಳೇ ದಾಖಲೆಲಿ ಬರೆದಿರ್ತಾರೆ. ಖುಷ್ಕಿ ಅಂದ್ರೆ ಮಳೆ ನಂಬಿದ ಹೊಲ, ಸಾಮಾನ್ಯವಾಗಿ ದಿಣ್ಣೆ ಕಡೆ ಇರ್ತದೆ. ತರಿ ಅಂದ್ರೆ ಕೆರೆ ಏರಿ ಕೆಳಗೆ ತೂಬಿನ ನೀರು ಹರಿದು ಭತ್ತ ಬೆಳೀತಿದ್ದ ಅಚ್ಚುಕಟ್ಟು. ಅಚ್ಚುಕಟ್ಟು ಸಪಾಟಾಗಿರ್ತದೆ, ರಸ್ತೆ ಹಾಕೋಕೆ, ಸೈಟು ಮಾಡೋಕೆ ಸಲೀಸು. ಅದಕ್ಕೇ ದೊಡ್ಡ ಬಡಾವಣೆಗಳು ಅಲ್ಲಿಗೆ ಬಂದವು. ನಮ್ಮ ಹಿರಿಯರು ಗದ್ದೆ ಬಯಲಲ್ಲಿ ಯಾಕೆ ಮನೆ ಕಟ್ಟಲಿಲ್ಲ, ಗ್ರಾಮಠಾಣ (ಊರಿನ ಮನೆಗಳಿರೋ ಜಾಗ) ಯಾವಾಗಲೂ ದಿಣ್ಣೆ ಮೇಲೆ ಯಾಕಿದೆ ಅಂತ ಒಂದು ಸಲ ಯೋಚನೆ ಮಾಡಿ ನೋಡಿ.

ಈ ಕಡೆ ಕೆರೆಗಳೆಲ್ಲ ಸರಪಳಿ. ಮೇಲಿನದು ತುಂಬಿ ಕೋಡಿ ಬಿದ್ರೆ ನೀರು ರಾಜಕಾಲುವೆ ಹಿಡಿದು ಕೆಳಗಿನದಕ್ಕೆ. ಬೆಳ್ಳಂದೂರು ಕೋಡಿ ವರ್ತೂರಿಗೆ, ವರ್ತೂರು ಕೋಡಿ ದಕ್ಷಿಣ ಪಿನಾಕಿನಿಗೆ. ನಡುವೆ ಕಾಲುವೆ 30 ಅಡಿ ಇದ್ದದ್ದು 8 ಅಡಿ ಆದ್ರೆ ಉಳಿದ ನೀರು ಎಲ್ಲಿ ಹೋಗ್ಬೇಕು? ಹಳೇ ಗದ್ದೆಗೆ ಹೋಗ್ತದೆ. 2022ರ ಸೆಪ್ಟೆಂಬರ್ ಮೊದಲ ವಾರ ಸರ್ಜಾಪುರ ರಸ್ತೆಯ ರೇನ್‌ಬೋ ಡ್ರೈವ್‌ನಲ್ಲಿ, ಯಮಲೂರಿನ ಎಪ್ಸಿಲಾನ್‌ನಲ್ಲಿ ಜನರನ್ನ ಟ್ರ್ಯಾಕ್ಟರ್, ದೋಣಿಯಲ್ಲಿ ಕರ್ಕೊಂಡು ಬಂದದ್ದು ಇಡೀ ದೇಶ ನೋಡಿದೆ. ಮನೆ ಎಷ್ಟು ಕೋಟಿದು ಅಂತ ನೀರು ಕೇಳಲ್ಲ.

ಹೊಂಗೆ ನೆರಳು

ನೀರುಗಂಟಿ ಅಣ್ಣ, ಬೇಸಿಗೆಯಲ್ಲಿ ಸೈಟ್ ನೋಡಲು ಹೋದವರಿಗೆ ಇದೆಲ್ಲ ಹೇಗೆ ತಿಳಿಯುತ್ತದೆ? ಎಲ್ಲ ಕಡೆಯೂ ಒಣಗಿದ ನೆಲ, ಹೊಸ ಡಾಂಬರು. ಅಚ್ಚುಕಟ್ಟಿನಲ್ಲಿ ಆಗಲೇ ಮನೆ ಇದ್ದವರು ಏನು ಮಾಡಬಹುದು?

ನೀರುಗಂಟಿ

ದಿಶಾಂಕ್ ಆ್ಯಪ್ ಹಾಕ್ಕೊಂಡು ಸೈಟ್ ಮೇಲೆ ನಿಂತ್ಕೊಳಿ ಅಕ್ಕ. ನಿಂತಿರೋ ಸರ್ವೆ ನಂಬರ್ ತೋರಿಸ್ತದೆ, ಪಕ್ಕದ ಕೆರೆ, ಕಾಲುವೆ ಗೆರೆನೂ ಕಾಣ್ತದೆ. ಆಮೇಲೆ ಗ್ರಾಮ ನಕ್ಷೆ ಇಳಿಸ್ಕೊಂಡು ಅದರಲ್ಲಿರೋ ಹಳ್ಳದ ಗೆರೆನ ಇವತ್ತಿನ ಉಪಗ್ರಹ ಚಿತ್ರದ ಜೊತೆ ಹೋಲಿಸಿ. ನಕ್ಷೆಯಲ್ಲಿ ಹಳ್ಳ ಇದ್ದು ನೆಲದ ಮೇಲೆ ಇಲ್ಲ ಅಂದ್ರೆ ಅದು ಯಾರದೋ ಕಾಂಪೌಂಡ್ ಒಳಗಿದೆ.

ನೆಲದ ಮೇಲೆ ನೋಡೋದು ಅಂದ್ರೆ ಬಡಾವಣೆ ಗೇಟ್‌ನಲ್ಲಲ್ಲ. ಮೇಲಿನ ಮೋರಿ ಹತ್ರ ಒಂದ್ಸಲ, ಕೆಳಗಿನ ಮೋರಿ ಹತ್ರ ಒಂದ್ಸಲ ನಿಂತು ಅಳೀಬೇಕು. ಮೇಲೆ 12 ಅಡಿ ಅಗಲ ಬಂದು ಕೆಳಗೆ ಎರಡು ಸಿಮೆಂಟ್ ಪೈಪಲ್ಲಿ ಹೋಗ್ತಿದ್ರೆ ಮಧ್ಯ ಇರೋರು ಮುಳುಗ್ತಾರೆ. ಪೈಪಿನ ಬಾಯಲ್ಲಿ ಪ್ಲಾಸ್ಟಿಕ್, ತೆಂಗಿನ ಗರಿ ಕಟ್ಕೊಂಡಿರೋದು ನೋಡಿ. ಸುತ್ತಲಿನ ಕಾಂಪೌಂಡ್ ಗೋಡೆ ಬುಡದಲ್ಲಿ ಅಡಿ ಎತ್ತರಕ್ಕೆ ಕೆಂಚು ಗೆರೆ ಕೂತಿದ್ರೆ ಅಲ್ಲೀವರೆಗೆ ನೀರು ನಿಂತಿತ್ತು ಅಂತ. ಹೊಸದಾಗಿ ಸುಣ್ಣ ಬಳಿದಿದ್ರೆ ವಿದ್ಯುತ್ ಕಂಬದ ಬುಡ ನೋಡಿ, ಅದಕ್ಕೆ ಯಾರೂ ಬಣ್ಣ ಹೊಡೆಯಲ್ಲ.

ಸರ್ವೆ ನಂಬರ್

ಬಫರ್ ವಲಯವನ್ನೂ (ಕೆರೆ, ಕಾಲುವೆ ಪಕ್ಕ ಕಟ್ಟಡ ಕಟ್ಟದೆ ಬಿಡಬೇಕಾದ ಜಾಗ) ಹೇಳಿಬಿಡುತ್ತೇನೆ, ಇಲ್ಲಿ ಗೊಂದಲ ಬಹಳ. ನಗರದ 2015ರ ಮಹಾಯೋಜನೆಯಲ್ಲಿ ಕೆರೆಗೆ 30 ಮೀಟರ್, ರಾಜಕಾಲುವೆಗೆ ಅದರ ದರ್ಜೆ ನೋಡಿಕೊಂಡು 50, 25, 15 ಮೀಟರ್ ಎಂದಿತ್ತು. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್ ಮಾಡಿತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶ ರದ್ದು ಮಾಡಿತು. ಹಾಗಾಗಿ ನಿಮ್ಮ ಬಡಾವಣೆಯ ನಕ್ಷೆ ಯಾವ ವರ್ಷ ಅನುಮೋದನೆ ಆಯಿತು ಎಂಬುದು ಮುಖ್ಯ. ನಕ್ಷೆಯಲ್ಲಿ ಬಫರ್ ಗೆರೆಯನ್ನೇ ತೋರಿಸದೆ ಕಾಲುವೆ ಪಕ್ಕ ಸೈಟು ಮಾಡಿದ್ದರೆ ಬ್ಯಾಂಕ್ ಸಾಲ ಕೊಟ್ಟಿದೆ ಎಂಬ ಧೈರ್ಯ ಸಾಲದು.

ಬ್ಲೋವರ್ ಸದ್ದು

ಹೊಂಗೆ ನೆರಳು ಮೇಡಂ, ಆಗಲೇ ಅಲ್ಲಿ ಮನೆ ಇದ್ದವರು ಮಾಡಬೇಕಾದ್ದು ಇದು. ಸಂಪಿನ ಬಾಯಿ ನೆಲಮಟ್ಟಕ್ಕಿಂತ ಒಂದೂವರೆ ಅಡಿಯಾದರೂ ಮೇಲಿರಬೇಕು, ಮುಚ್ಚಳಕ್ಕೆ ರಬ್ಬರ್ ಬೀಡಿಂಗ್ ಬೇಕು. ಮನೆಯ ಕೊನೆಯ ಚೇಂಬರ್‌ನಿಂದ ರಸ್ತೆಯ ಒಳಚರಂಡಿಗೆ ಹೋಗುವ ಪೈಪಿಗೆ, ಕೊಳಚೆ ಹಿಂದಕ್ಕೆ ಬರದಂತೆ ತಡೆಯುವ ನಾನ್ ರಿಟರ್ನ್ ವಾಲ್ವ್ ಹಾಕಿಸಿ. ಪ್ರವಾಹದಲ್ಲಿ ಮೊದಲು ಮನೆಗೆ ನುಗ್ಗುವುದು ಬಾಗಿಲಿಂದ ಬರುವ ಮಳೆನೀರಲ್ಲ, ಕೆಳಮಹಡಿ ಬಚ್ಚಲಿಂದ ಉಕ್ಕುವ ಕೊಳಚೆ. ವರ್ಷಕ್ಕೊಮ್ಮೆ ಆ ವಾಲ್ವ್ ಬಿಚ್ಚಿ ಕೂದಲು, ಬಟ್ಟೆ ಚೂರು ತೆಗೆಯಬೇಕು, ಇಲ್ಲವಾದರೆ ಅದು ಅರ್ಧ ತೆರೆದೇ ನಿಂತಿರುತ್ತದೆ. ಮೀಟರ್ ಬೋರ್ಡ್, ಜನರೇಟರ್ ಪ್ಯಾನೆಲ್, ಎಸ್‌ಟಿಪಿ (ಕೊಳಚೆ ನೀರು ಶುದ್ಧೀಕರಣ ಘಟಕ) ಬ್ಲೋವರ್ (ಅದಕ್ಕೆ ಗಾಳಿ ಊದುವ ಯಂತ್ರ) ಇವು ನೆಲಮಾಳಿಗೆಯಲ್ಲಿದ್ದರೆ ಮೇಲಕ್ಕೆತ್ತಿಸಿ. ರಸ್ತೆಗೆ ಮತ್ತೆ ಡಾಂಬರು ಹಾಕುವಾಗ ಹಳೇ ಪದರ ಕೆರೆದು ತೆಗೆಯಲೇಬೇಕೆಂದು ಹಟ ಹಿಡಿಯಿರಿ. ಪ್ರತಿ ಸಲ ಮೇಲೆ ಮೇಲೆ ಹಾಕುತ್ತ ಹೋದರೆ ಕೆಲವೇ ವರ್ಷದಲ್ಲಿ ರಸ್ತೆ ಮೇಲೆ, ಪೋರ್ಟಿಕೊ ಕೆಳಗೆ.

ಈಗ ದಿನನಿತ್ಯದ ನೀರು. ಬಡಾವಣೆಯ ಬದುಕು ಸುಖವೋ ಕಷ್ಟವೋ ಎಂದು ತೀರ್ಮಾನ ಆಗುವುದು ಇಲ್ಲೇ. 100 ಮನೆ, ಮನೆಗೆ ನಾಲ್ಕೂವರೆ ಜನ, ತಲೆಗೆ ದಿನಕ್ಕೆ 135 ಲೀಟರ್ ಎಂದು ಹಿಡಿಯಿರಿ. 60,750 ಲೀಟರ್ ಆಯಿತು. ಇದು ಮನುಷ್ಯರ ಲೆಕ್ಕ. ಈಗ ಪ್ರತಿ ಮನೆ ಮುಂದೆ 100 ಚದರ ಮೀಟರ್ ಹುಲ್ಲುಹಾಸು ಇದ್ದರೆ, ಬೇಸಿಗೆಯಲ್ಲಿ ಅದು ದಿನಕ್ಕೆ 5 ಮಿ.ಮೀ. ನೀರು ಕುಡಿಯುತ್ತದೆ. ಅಂದರೆ ಮನೆಗೆ 500 ಲೀಟರ್, ಬಡಾವಣೆಗೆ 50,000 ಲೀಟರ್. ಹುಲ್ಲು ಹೆಚ್ಚೂಕಡಿಮೆ ಇಡೀ ಬಡಾವಣೆಯ ಜನರಷ್ಟೇ ನೀರು ಕೇಳುತ್ತದೆ. ಎಸ್‌ಟಿಪಿ ಚೆನ್ನಾಗಿ ನಡೆದರೆ 60,750ರಲ್ಲಿ ಶೇ 80ರಷ್ಟು, ಸುಮಾರು 48,600 ಲೀಟರ್ ವಾಪಸ್ ಸಿಗುತ್ತದೆ. ಹುಲ್ಲಿಗೆ ಹೆಚ್ಚೂಕಡಿಮೆ ಸರಿಹೋಗುತ್ತದೆ. ಎಸ್‌ಟಿಪಿ ನಡೆಯದಿದ್ದರೆ ಅಷ್ಟೂ ಕೊಳವೆಬಾವಿಯಿಂದಲೋ ಟ್ಯಾಂಕರಿಂದಲೋ ಬರಬೇಕು. 12,000 ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಹುಲ್ಲಿಗೇ ದಿನಕ್ಕೆ ನಾಲ್ಕು. 2024ರ ಮಾರ್ಚ್‌ನಲ್ಲಿ ಜಿಲ್ಲಾಡಳಿತ 5 ಕಿಲೋಮೀಟರ್ ಒಳಗೆ 12,000 ಲೀಟರಿಗೆ 1,000 ರೂಪಾಯಿ, 6,000 ಲೀಟರಿಗೆ 600 ರೂಪಾಯಿ ಎಂದು ದರ ಕಟ್ಟಿತ್ತು. ಆ ದರದಲ್ಲೇ ಗುಣಿಸಿ ನೋಡಿ, ಆಮೇಲೆ ಹುಲ್ಲು ಬೇಕೋ, ಹೊಂಗೆ, ನೇರಳೆ, ದಾಸವಾಳ ಸಾಕೋ ತೀರ್ಮಾನಿಸಿ.

ಕೊಳವೆಬಾವಿ ಬಗ್ಗೆ ಬಿಲ್ಡರ್ ‘ಎರಡಿಂಚು ನೀರಿದೆ’ ಎಂದರೆ ಅದು ವಿ-ನಾಚ್ ತಗಡಿನ ಅಳತೆ, ಅಂದರೆ ತಗಡಿನ ‘V’ ಆಕಾರದ ಕಚ್ಚಿನಲ್ಲಿ ಹರಿಯುವ ನೀರಿನ ಎತ್ತರ. ಒಂದಿಂಚು ಅಂದರೆ ಗಂಟೆಗೆ ಸುಮಾರು 500 ಲೀಟರ್, ಎರಡಿಂಚು ಅಂದರೆ ಸುಮಾರು 2,900 ಲೀಟರ್. ಇಂಚು ದುಪ್ಪಟ್ಟಾದರೆ ನೀರು ಐದೂವರೆ ಪಟ್ಟು. ಅದೇ ರೀತಿ ಎರಡಿಂಚಿನದು ಒಂದಿಂಚಿಗೆ ಇಳಿದರೆ ಅರ್ಧ ಉಳಿಯಿತು ಎಂದುಕೊಳ್ಳಬೇಡಿ, ಆರನೇ ಒಂದು ಭಾಗಕ್ಕೆ ಇಳಿದಿದೆ. ಕೊರೆದ ದಿನದ ಅಳತೆ ಬೇಡ. ಏಪ್ರಿಲ್‌ನಲ್ಲಿ ಸತತ 8 ಗಂಟೆ ಮೋಟಾರ್ ಓಡಿಸಿ ಕೊನೆಯ ಗಂಟೆಯಲ್ಲಿ ಎಷ್ಟು ಬಂತು ಎಂಬ ಅಂಕಿ ಕೇಳಿ.

ರಾಗಿ ಕಣಜ

ಕಾವೇರಿ 5ನೇ ಹಂತ ಬಂದಮೇಲೆ ಟ್ಯಾಂಕರ್ ಚಿಂತೆ ಮುಗಿಯಿತು ಎನ್ನುತ್ತಾರಲ್ಲ?

ಬ್ಲೋವರ್ ಸದ್ದು

2024ರ ಅಕ್ಟೋಬರ್‌ನಲ್ಲಿ ಚಾಲನೆ ಆಯಿತು, ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯ, ಆ 110 ಹಳ್ಳಿಗಳಿಗೆಂದೇ ಮಾಡಿದ್ದು. ಆದರೆ ಮುಂದಿನ ರಸ್ತೆಯಲ್ಲಿ ಪೈಪ್ ಹೋಗಿದ್ದರೆ ಬಡಾವಣೆಗೆ ಸಂಪರ್ಕ ಬಂತು ಎಂದಲ್ಲ. ಕಟ್ಟಡದ ವಿಸ್ತೀರ್ಣ ನೋಡಿ ಜಲಮಂಡಳಿ ಹಾಕುವ ಪ್ರೊ-ರೇಟಾ ಶುಲ್ಕ ಕಟ್ಟಿ ಸಗಟು ಸಂಪರ್ಕ ಪಡೆಯಬೇಕು, ಒಳಗಿನ ಸಂಪಿಗೆ ಪೈಪ್ ಎಳೆಸಬೇಕು. ‘ಕಾವೇರಿ ಇದೆ’ ಎಂದವರಿಗೆ ಆರ್‌ಆರ್ ನಂಬರ್ (ಸಂಪರ್ಕದ ಗುರುತಿನ ಸಂಖ್ಯೆ) ಇರುವ ಜಲಮಂಡಳಿ ಬಿಲ್ ತೋರಿಸಿ ಅನ್ನಿ. ಸರ್ಜಾಪುರ ಆ 110ರಲ್ಲಿ ಇಲ್ಲ, ಅಲ್ಲಿನವರು ಕೊಳವೆಬಾವಿಯನ್ನೇ ಕಾಪಾಡಿಕೊಳ್ಳಬೇಕು.

ರಾಗಿ ಕಣಜ

ಹಾಗಾದರೆ ಇಂಗುಬಾವಿ ವಿಷಯ ನಾನು ಬರೆಯುತ್ತೇನೆ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ. 200 ಚದರ ಮೀಟರ್ ತಾರಸಿಯಲ್ಲಿ ಶೇ 80 ಸಿಕ್ಕರೂ ಒಂದೂವರೆ ಲಕ್ಷ ಲೀಟರ್. ಇದನ್ನು ಮೊದಲು ಸಂಪಿಗೆ ತುಂಬಿಸಿ, ಉಕ್ಕಿದ್ದನ್ನು ಇಂಗುಬಾವಿಗೆ ಬಿಡಬೇಕು.

ಇಂಗುಬಾವಿ ಅಂದರೆ 3 ಅಡಿ ಅಗಲ, 20 ಅಡಿ ಆಳ, ಸಿಮೆಂಟ್ ರಿಂಗ್ ಒಂದರ ಮೇಲೊಂದು. ಸುಮಾರು 4,000 ಲೀಟರ್ ಹಿಡಿಯುತ್ತದೆ. ತೂತು ಇರುವ ರಿಂಗ್ ಹಾಕಿಸಿ. ರಿಂಗಿನ ಹೊರಮೈಗೂ ಮಣ್ಣಿಗೂ ನಡುವೆ ಅರ್ಧ ಅಡಿ ಸಂದಿಯಲ್ಲಿ 40 ಮಿ.ಮೀ. ಜಲ್ಲಿ ತುಂಬಬೇಕು. ಬಾವಿಯ ಒಳಗೆ ಜಲ್ಲಿ, ಮರಳು, ಇದ್ದಿಲು ಏನೂ ತುಂಬಬೇಡಿ. ಕಂಟ್ರಾಕ್ಟರುಗಳು ‘ಫಿಲ್ಟರ್’ ಅಂತ ತುಂಬಿಸಿಬಿಡುತ್ತಾರೆ. ಜಾಗವೆಲ್ಲ ಕಲ್ಲೇ ತಿಂದು ನೀರಿಗೆ ಅರ್ಧದಷ್ಟೂ ಉಳಿಯುವುದಿಲ್ಲ, ಹೂಳು ಕಟ್ಟಿದರೆ ತೆಗೆಯಲೂ ಆಗುವುದಿಲ್ಲ. ಹೂಳು ತಡೆಯಲು ಬಾವಿಗೆ ಮುಂಚೆ ಎರಡು ಅಂಕಣದ ಚೇಂಬರ್ ಕಟ್ಟಿ, ಪ್ರತಿ ಮಳೆಗಾಲಕ್ಕೆ ಮುಂಚೆ ಅದನ್ನು ಬರಿದು ಮಾಡಿ. ಮಣ್ಣು ವಡ್ಡರಿಗೆ ತೋಡಲು ಕೊಡಿ. ಯಾವ ಪದರದಲ್ಲಿ ನೀರು ಇಂಗುತ್ತದೆ, ಯಾವುದು ಬರೀ ಜೇಡಿ ಎಂದು ಮಣ್ಣು ಮುಟ್ಟಿ ಹೇಳುತ್ತಾರೆ. ಜೇಡಿಯಲ್ಲೇ ನಿಲ್ಲಿಸಿದ ಬಾವಿ ವಾರಗಟ್ಟಲೆ ನೀರು ತುಂಬಿಕೊಂಡೇ ಇದ್ದು ಸೊಳ್ಳೆ ಸಾಕುತ್ತದೆ.

ರಸ್ತೆ ಪಕ್ಕದ ಚರಂಡಿಯಲ್ಲಿ ತೋಡಿಸುವುದಾದರೆ ಆ ಚರಂಡಿಗೆ ಯಾವ ಮನೆಯ ಬಟ್ಟೆ ಒಗೆದ ನೀರೂ ಸೇರುತ್ತಿಲ್ಲ ಎಂದು ಖಚಿತ ಮಾಡಿಕೊಳ್ಳಿ. ಒಂದು ಮನೆಯ ವಾಷಿಂಗ್ ಮೆಷಿನ್ ಪೈಪ್ ಸಾಕು, ಸುತ್ತಲಿನ ಕೊಳವೆಬಾವಿ ಕೆಡಲು.

ರೇನ್‌ಬೋ ಡ್ರೈವ್ ಹೆಸರು ಪ್ರವಾಹಕ್ಕಷ್ಟೇ ಬಂತು, ಅದು ನ್ಯಾಯವಲ್ಲ. ಖಾಸಗಿ ಕೊಳವೆಬಾವಿ ನಿಲ್ಲಿಸಿ, ಮನೆಮನೆಗೆ ಇಂಗುಬಾವಿ ಕಡ್ಡಾಯ ಮಾಡಿ, ಹೆಚ್ಚು ಬಳಸಿದಷ್ಟೂ ದರ ಏರುವಂತೆ ಮಾಡಿ ನೀರನ್ನು ಒಟ್ಟಾಗಿ ನಿಭಾಯಿಸಿದ ಬಡಾವಣೆ ಅದು. ಬೇರೆಯವರು ನೋಡಿ ಕಲಿಯಬೇಕಾದ ಕೆಲಸ. ಒಳಗೆ ಎಷ್ಟು ಚೆನ್ನಾಗಿ ನಡೆಸಿದರೂ ಹೊರಗಿನ ಕಾಲುವೆ ಸರಿಯಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನೂ ಅಲ್ಲಿಂದಲೇ ತಿಳಿಯಬೇಕು.

ಹೊಂಗೆ ನೆರಳು

ಎಸ್‌ಟಿಪಿ ವಾಸನೆ ಬಗ್ಗೆ ಯಾರಾದರೂ ಬರೆಯಿರಿ. ಬಹಳ ಬಡಾವಣೆಗಳಲ್ಲಿ ಸಂಜೆ ವಾಕಿಂಗ್ ದಾರಿಯೇ ಅದರ ಪಕ್ಕ ಇರುತ್ತದೆ.

ಬ್ಲೋವರ್ ಸದ್ದು

ಸರಿಯಾಗಿ ನಡೆಯುವ ಎಸ್‌ಟಿಪಿ ವಾಸನೆ ಬರುವುದಿಲ್ಲ, ಹಸಿ ಮಣ್ಣಿನ ಘಮ ಮಾತ್ರ. ಕೊಳೆತ ಮೊಟ್ಟೆ ವಾಸನೆ ಬಂದರೆ ಗಾಳಿ ಸಾಲುತ್ತಿಲ್ಲ ಎಂದರ್ಥ. ನೂರಕ್ಕೆ ತೊಂಬತ್ತು ಸಲ ಕಾರಣ ಒಂದೇ: ಕರೆಂಟ್ ಬಿಲ್ ಉಳಿಸಲು ರಾತ್ರಿ ಬ್ಲೋವರ್ ನಿಲ್ಲಿಸುವುದು. ಕೊಳಚೆ ತಿನ್ನುವ ಬ್ಯಾಕ್ಟೀರಿಯಾಕ್ಕೆ ಉಸಿರು ಬೇಕು. ಗಾಳಿ ನಿಂತು ಕೆಲವು ಗಂಟೆಯಾದರೆ ಅವು ಸಾಯಲು ಶುರು. ಮತ್ತೆ ಹದಕ್ಕೆ ಬರಲು ವಾರಗಳು ಬೇಕು.

ಅಸೋಸಿಯೇಷನ್‌ನಲ್ಲಿ ಇಂಜಿನಿಯರ್ ಇಲ್ಲದಿದ್ದರೂ ಮಾಡಬಹುದಾದ ಪರೀಕ್ಷೆ ಒಂದಿದೆ. ಗಾಳಿ ಊದುವ ಏರೇಷನ್ ಟ್ಯಾಂಕಿನಿಂದ 1 ಲೀಟರ್ ಅಳತೆ ಜಾಡಿಗೆ ತುಂಬಿ 30 ನಿಮಿಷ ಅಲುಗಾಡಿಸದೆ ಇಡಿ. ಕಂದು ಬಣ್ಣದ ಕೆಸರು 250ರಿಂದ 400 ಮಿ.ಲೀ. ಗೆರೆಯೊಳಗೆ ಕೂತು ಮೇಲಿನ ನೀರು ತಿಳಿಯಾಗಿದ್ದರೆ ಆರೋಗ್ಯ ಚೆನ್ನಾಗಿದೆ. 100ಕ್ಕಿಂತ ಕಡಿಮೆ ಕೂತರೆ ಬ್ಯಾಕ್ಟೀರಿಯಾ ಸಾಲದು. 700, 800ರಲ್ಲೇ ನಿಂತರೆ ಕೆಸರು ಜಾಸ್ತಿಯಾಗಿದೆ ಅಥವಾ ಉಬ್ಬಿದೆ, ಕೆಸರು ಹಿಂಡುವ ಫಿಲ್ಟರ್ ಪ್ರೆಸ್‌ಗೆ ಬಿಟ್ಟು ತೆಗೆಯಿರಿ. ಬಣ್ಣ ಕಪ್ಪಾಗಿದ್ದರೆ ಗಾಳಿ ಇಲ್ಲ. ಈ ಅಂಕಿಯನ್ನು ಆಪರೇಟರ್ ದಿನಾ ಬರೆದಿಡಲಿ. ಪುಸ್ತಕದಲ್ಲಿ ತಿಂಗಳಿಡೀ 300 ಎಂದೇ ಬರೆದಿದ್ದರೆ ಯಾರೂ ಜಾಡಿ ಮುಟ್ಟಿಲ್ಲ ಎಂದು ತಿಳಿಯಿರಿ.

ಮನೆಗಳಿಂದ ಬರುವ ತೊಂದರೆ ಇನ್ನೊಂದು. ಬಚ್ಚಲಿಗೆ ಆ್ಯಸಿಡ್ ಸುರಿಯುವುದು, ಫಿನೈಲ್ ಅತಿಯಾಗಿ ಬಳಸುವುದು, ಅಡುಗೆ ಎಣ್ಣೆ ಸಿಂಕಿಗೆ ಹಾಕುವುದು, ಒದ್ದೆ ವೈಪ್ಸ್. ಮೊದಲ ಎರಡು ಬ್ಯಾಕ್ಟೀರಿಯಾ ಕೊಲ್ಲುತ್ತವೆ, ಎಣ್ಣೆ ಗಾಳಿ ಬಿಡುವ ಡಿಫ್ಯೂಸರ್ ತೂತು ಮುಚ್ಚುತ್ತದೆ, ವೈಪ್ಸ್ ಪಂಪಿನ ಇಂಪೆಲ್ಲರಿಗೆ ಸುತ್ತಿಕೊಂಡು ಮೋಟಾರ್ ಸುಡುತ್ತದೆ.

ಒಂದು ಮಾತನ್ನು ಎಲ್ಲರೂ ಮನಸ್ಸಿಟ್ಟು ಓದಿ. ಎಸ್‌ಟಿಪಿ ಟ್ಯಾಂಕ್ ಒಳಗೆ, ಮ್ಯಾನ್‌ಹೋಲ್ ಒಳಗೆ ಮನುಷ್ಯರನ್ನು ಇಳಿಸಕೂಡದು. ಪಂಪ್ ಕಟ್ಟಿಕೊಂಡಿದೆ, ಎರಡೇ ನಿಮಿಷ ಎಂದರೂ ಕೂಡದು. ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ, ಒಂದೆರಡು ಉಸಿರಿನಲ್ಲಿ ಪ್ರಜ್ಞೆ ಹೋಗುತ್ತದೆ, ಎತ್ತಲು ಇಳಿದವರೂ ಸಾಯುತ್ತಾರೆ. ಮಲ ಹೊರುವ ಪದ್ಧತಿ ನಿಷೇಧದ 2013ರ ಕಾಯ್ದೆಯಡಿ ಇದು ಅಪರಾಧ. ಜೆಟ್ಟಿಂಗ್, ಸಕ್ಷನ್ ಯಂತ್ರ ಕರೆಸಿ. ಪಂಪ್‌ಗಳನ್ನು ಗೈಡ್ ಪೈಪ್ ಮೇಲೆ ಸರಪಳಿಯಿಂದ ಎತ್ತುವಂತೆ ಮೊದಲೇ ಅಳವಡಿಸಿದ್ದರೆ ಇಳಿಯುವ ಪ್ರಸಂಗವೇ ಬರುವುದಿಲ್ಲ.

ಲೆಕ್ಕದ ಪುಸ್ತಕ

ತಿಂಗಳ ಖರ್ಚಿಗೆ ಬರೋಣ. ಅತಿ ದೊಡ್ಡ ಬಾಬ್ತು ಸೆಕ್ಯೂರಿಟಿ. ಒಂದು ಗೇಟಿನಲ್ಲಿ ಹಗಲೂ ರಾತ್ರಿ ಒಬ್ಬರು ಇರಬೇಕೆಂದರೆ ವಾರಕ್ಕೆ 168 ಗಂಟೆ. ಒಬ್ಬರ ವಾರದ ಕೆಲಸ 48 ಗಂಟೆ. ಮೂರೂವರೆ ಜನ, ರಜೆ ಹಿಡಿದರೆ ನಾಲ್ಕು. ಮೂರು ಜಾಗ ಕಾಯಲು 12 ಜನ. ಏಜೆನ್ಸಿ 7 ಜನಕ್ಕೆ ದರ ಕೊಟ್ಟರೆ ಎಲ್ಲರನ್ನೂ 12 ಗಂಟೆ ನಿಲ್ಲಿಸುತ್ತಾರೆ ಎಂದೇ ಅರ್ಥ. ಪ್ರತಿ ತಿಂಗಳು ಬಿಲ್ ಜೊತೆ ಪಿಎಫ್, ಇಎಸ್‌ಐ ಚಲನ್ ಕೇಳಿ, ಅದರಲ್ಲಿ ನಿಮ್ಮ ಗೇಟಿನವರ ಹೆಸರು ಇದೆಯೇ ನೋಡಿ. ಏಜೆನ್ಸಿಗೆ 2005ರ ಪಸಾರಾ (ಖಾಸಗಿ ಭದ್ರತಾ ಏಜೆನ್ಸಿ ನಿಯಂತ್ರಣ) ಕಾಯ್ದೆಯ ಲೈಸೆನ್ಸ್ ಇರಬೇಕು.

ಜಿಎಸ್‌ಟಿ ವಿಚಾರದಲ್ಲಿ ಗೆರೆ ಇರುವುದು 7,500 ರೂಪಾಯಿಗೆ. ಅಸೋಸಿಯೇಷನ್ನಿನ ವಾರ್ಷಿಕ ವಹಿವಾಟು 20 ಲಕ್ಷ ದಾಟಿ, ಮನೆಯ ತಿಂಗಳ ಮೇಂಟೆನೆನ್ಸ್ 7,500 ದಾಟಿದರೆ ಶೇ 18. ತೆರಿಗೆ ಇಲಾಖೆಯ 2019ರ ಸುತ್ತೋಲೆ ಇಡೀ ಮೊತ್ತಕ್ಕೆ ಎನ್ನುತ್ತದೆ. 2021ರಲ್ಲಿ ಮದ್ರಾಸ್ ಹೈಕೋರ್ಟ್ 7,500ರ ಮೇಲಿನದಕ್ಕೆ ಮಾತ್ರ ಎಂದಿತು. ಸುತ್ತೋಲೆ ಪ್ರಕಾರ 7,600 ಇದ್ದರೆ ತೆರಿಗೆಯೇ 1,368. ವಿಲ್ಲಾ ಬಡಾವಣೆಗಳು ಸಾಮಾನ್ಯವಾಗಿ ಈ ಗೆರೆ ದಾಟುತ್ತವೆ, ಆದ್ದರಿಂದ ‘ಮೇಂಟೆನೆನ್ಸ್ ಎಷ್ಟು’ ಎಂದು ಕೇಳುವಾಗ ತೆರಿಗೆ ಸೇರಿಸಿ ಕೇಳಿ.

ಸೋಲಾರ್ ಹಾಕುವ ಯೋಚನೆ ಇದ್ದರೆ ಪಿಎಂ ಸೂರ್ಯಘರ್‌ನಲ್ಲಿ ನಿವಾಸಿ ಸಂಘಗಳಿಗೆ ಸಾಮಾನ್ಯ ಬಳಕೆಗೆ ಕಿಲೋವ್ಯಾಟ್‌ಗೆ 18,000 ರೂಪಾಯಿ ಸಹಾಯಧನ ಇದೆ. ಇಲ್ಲಿ 1 ಕಿಲೋವ್ಯಾಟ್‌ಗೆ ದಿನಕ್ಕೆ ಸರಾಸರಿ 4 ಯೂನಿಟ್. ನೀರಿನ ಪಂಪ್‌ಗಳನ್ನು ಬಿಸಿಲಿರುವಾಗ ಓಡುವಂತೆ ಟೈಮರ್ ಇಟ್ಟರೆ ಲಾಭ ಹೆಚ್ಚು.

ರಾಗಿ ಕಣಜ

ಸೆಕ್ಯೂರಿಟಿಯವರ ಲೆಕ್ಕ ಹೇಳಿದ್ದು ಬಹಳ ಒಳ್ಳೆಯದಾಯಿತು. ಅದರ ಜೊತೆ ಶೌಚಾಲಯವನ್ನೂ ಎಣಿಸಿ. 100 ವಿಲ್ಲಾದ ಬಡಾವಣೆಗೆ ಬೆಳಿಗ್ಗೆ ಮನೆಕೆಲಸದವರು, ಮಾಲಿಗಳು, ಡ್ರೈವರ್‌ಗಳು ಸೇರಿ ನೂರೈವತ್ತು ಜನ ಬರುವುದು ಹೆಚ್ಚೇನಲ್ಲ. ಎಷ್ಟೋ ಕಡೆ ಅವರಿಗೆ ಗೇಟಿನ ಪಕ್ಕ ಒಂದೇ ಶೌಚಾಲಯ, ಹೆಂಗಸರಿಗೆ ಬೇರೆ ಇರುವುದಿಲ್ಲ. ನೀರು, ಬೆಳಕು, ಒಳಚಿಲಕ ಇರುವ ಶೌಚಾಲಯ ಬಡಾವಣೆಯ ಎರಡೂ ತುದಿಯಲ್ಲಿ ಬೇಕು, ಊಟಕ್ಕೆ ಕೂರಲು ನೆರಳು ಬೇಕು. ಗೇಟಿನ ಸೂಚನಾ ಫಲಕಗಳು ಕನ್ನಡದಲ್ಲೂ ಇರಲಿ. ಅವನ್ನು ಓದಿ ನಡೆಯಬೇಕಾದವರಲ್ಲಿ ಹೆಚ್ಚಿನವರು ಪಕ್ಕದ ಊರಿನವರೇ.

ಮೂರನೇ ಕ್ರಾಸ್

ಸಾಫ್ಟ್‌ನರ್ (ನೀರಿನ ಗಡಸುತನ ತೆಗೆಯುವ ಯಂತ್ರ) ಬಗ್ಗೆ ಕೇಳಬೇಕಿತ್ತು. ಪ್ರತಿ ಮನೆಯಲ್ಲೂ ಬೇಕಾ, ಅಥವಾ ಬಡಾವಣೆಗೆ ಒಂದೇ ಸಾಕಾ?

ಬ್ಲೋವರ್ ಸದ್ದು

ಮೊದಲು ಗಡಸುತನ ಪರೀಕ್ಷೆ ಮಾಡಿಸಿ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಲೀಟರಿಗೆ 200 ಮಿ.ಗ್ರಾಂ ಸೂಕ್ತ, ಬೇರೆ ದಾರಿ ಇಲ್ಲದಿದ್ದರೆ 600ರವರೆಗೆ. 300 ದಾಟಿದ ನೀರಲ್ಲಿ ಗೀಸರ್ ಕಾಯಿಲ್, ಸೋಲಾರ್ ಹೀಟರ್ ಕೊಳವೆ ಬೇಗ ಸುಣ್ಣ ಕಟ್ಟುತ್ತವೆ. ಸಾಫ್ಟ್‌ನರ್ ಟಿಡಿಎಸ್ (ನೀರಲ್ಲಿ ಕರಗಿದ ಲವಣಗಳ ಒಟ್ಟು ಪ್ರಮಾಣ) ಇಳಿಸುವುದಿಲ್ಲ, ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುತ್ತದೆ ಅಷ್ಟೆ. ಒಳಗಿನ ರೆಸಿನ್ (ಗಡಸುತನ ಹಿಡಿಯುವ ಹರಳು) ತೊಳೆದ ಉಪ್ಪುನೀರನ್ನು ತೋಟಕ್ಕೆ ಬಿಡಬಾರದು, ಮಣ್ಣು ಗಟ್ಟಿಯಾಗಿ ಗಿಡ ಸೊರಗುತ್ತದೆ. ಮನೆಮನೆಗೂ ಹಾಕಿದರೆ ಎಲ್ಲರ ಉಪ್ಪೂ ಎಸ್‌ಟಿಪಿಗೆ ಬಂದು ಕೊನೆಗೆ ತೋಟಕ್ಕೇ ಬರುತ್ತದೆ. ಒಂದೇ ಕಡೆ ಹಾಕಿ, ಅಡುಗೆ ಮತ್ತು ಸ್ನಾನದ ಲೈನಿಗೆ ಮಾತ್ರ ಕೊಟ್ಟು, ಗಡಸುತನ ಸೊನ್ನೆಗೆ ಇಳಿಸದೆ 100ರ ಆಸುಪಾಸಿಗೆ ಮಿಶ್ರ ಮಾಡುವುದು ಲೇಸು.

ಫ್ಲಶ್ ಲೈನ್ (ಶೌಚಾಲಯಕ್ಕೆ ಎಸ್‌ಟಿಪಿ ನೀರು ತರುವ ಪೈಪ್) ಪ್ರತ್ಯೇಕ ಇದ್ದರೆ ಮನೆ ವಹಿಸಿಕೊಳ್ಳುವ ದಿನ ಒಂದು ಪರೀಕ್ಷೆ ಮಾಡಿ. ಶುದ್ಧ ನೀರಿನ ಮುಖ್ಯ ವಾಲ್ವ್ ಮುಚ್ಚಿ ಎಲ್ಲ ನಲ್ಲಿ ತೆರೆಯಿರಿ. ಪೈಪಲ್ಲಿದ್ದದ್ದು ಖಾಲಿಯಾದ ಮೇಲೂ ಯಾವ ನಲ್ಲಿಯಲ್ಲಿ ನೀರು ನಿಲ್ಲುವುದಿಲ್ಲವೋ ಅಲ್ಲಿಗೆ ಎಸ್‌ಟಿಪಿ ನೀರು ಸೇರಿದೆ. ಪ್ಲಂಬರ್‌ಗಳು ಹೆಚ್ಚಾಗಿ ತಪ್ಪು ಮಾಡುವುದು ಹೆಲ್ತ್ ಫಾಸೆಟ್ ಕನೆಕ್ಷನ್‌ನಲ್ಲಿ.

ನೀರುಗಂಟಿ

ಊರಿನ ವಿಷ್ಯ ಯಾರೂ ಬರೀಲಿಲ್ಲ, ಬರೀತೀನಿ. ಗ್ರಾಮ ನಕ್ಷೆಯಲ್ಲಿ ಚುಕ್ಕೆ ಗೆರೆ ಇರ್ತದೆ, ಅದು ನಕಾಶೆ ದಾರಿ. ಹೊಲಕ್ಕೆ, ಕೆರೆಗೆ, ಸ್ಮಶಾನಕ್ಕೆ ಹೋಗೋ ಬಂಡಿದಾರಿ. ಬಡಾವಣೆ ಕಾಂಪೌಂಡ್ ಅದರ ಮೇಲೆ ಎದ್ದಿದ್ರೆ ಊರಿನವರು ಬಂದು ಕೇಳ್ತಾರೆ. ಅದನ್ನ ‘ಲೋಕಲ್‌ನವರ ಗಲಾಟೆ’ ಅಂತ ಅಸೋಸಿಯೇಷನ್ ಗ್ರೂಪಲ್ಲಿ ಹಾಕಬೇಡಿ. ಹೆಣ ಹೊತ್ಕೊಂಡು ಎರಡು ಕಿಲೋಮೀಟರ್ ಸುತ್ಕೊಂಡು ಹೋಗೋರ ಹಕ್ಕಿನ ಮಾತು ಅದು. ನಕ್ಷೆ ತೆಗ್ದು ನೋಡಿ, ದಾರಿ ಇದ್ರೆ ಬಿಡಿ.

ಇನ್ನೊಂದು, ಹಬ್ಬ. ಊರಹಬ್ಬದ ದಿನ ತಮಟೆ ಇರ್ತದೆ, ವರ್ತೂರು ಚೆನ್ನರಾಯಸ್ವಾಮಿ ರಥೋತ್ಸವದ ದಿನ ರಸ್ತೆ ತುಂಬಾ ಜನ. ತಾರೀಖು ಮೊದಲೇ ಗೊತ್ತಿರ್ತದೆ, ಅವತ್ತು ಬೇರೆ ದಾರಿ ಇಟ್ಕೊಳ್ಳಿ, ಇಲ್ಲ ಅಂದ್ರೆ ನೀವೂ ಬನ್ನಿ. ಕೆರೆ ಕೆಲ್ಸ ಇದ್ದಾಗ ಊರು, ಬಡಾವಣೆ ಎರಡೂ ಸೇರಿ ಅರ್ಜಿ ಹಾಕಿದ್ರೆ ಅಧಿಕಾರಿಗಳು ಬೇಗ ಎದ್ದು ಬರ್ತಾರೆ.

ಸರ್ವೆ ನಂಬರ್

ಇದೇ ಮಾತು ಬಡಾವಣೆಯ ಒಳರಸ್ತೆಗೂ ಸಲ್ಲುತ್ತದೆ. ಅನುಮೋದಿತ ಬಡಾವಣೆಯಲ್ಲಿ ರಸ್ತೆ, ಪಾರ್ಕ್‌ಗಳನ್ನು ಪರಿತ್ಯಾಜನಾ ಪತ್ರದ ಮೂಲಕ ಪ್ರಾಧಿಕಾರಕ್ಕೆ ಬಿಟ್ಟುಕೊಟ್ಟಿರುತ್ತಾರೆ. ಬಿಟ್ಟುಕೊಟ್ಟ ಮೇಲೆ ಅದು ಸಾರ್ವಜನಿಕ ರಸ್ತೆ. ಗೇಟ್ ಹಾಕಿ ‘ನಿವಾಸಿಗಳಿಗೆ ಮಾತ್ರ’ ಎನ್ನಲು ಹಕ್ಕಿಲ್ಲ. ಗೇಟೆಡ್ ಎಂದು ದುಡ್ಡು ಕೊಟ್ಟು ಕೊಳ್ಳುವವರು ಆ ಪತ್ರ ತರಿಸಿ ಓದಿ.

ಹೊಂಗೆ ನೆರಳು

ಬಿಲ್ಡರ್‌ನಿಂದ ಅಸೋಸಿಯೇಷನ್ ವಹಿಸಿಕೊಳ್ಳುವಾಗ ಏನೇನು ಬರೆಸಿಕೊಳ್ಳಬೇಕು? ನಮ್ಮ ಪಕ್ಕದ ಬಡಾವಣೆಯಲ್ಲಿ ಬೀಗದ ಕೈ ಗೊಂಚಲು ಬಿಟ್ಟು ಬೇರೇನೂ ಕೊಟ್ಟಿಲ್ಲವಂತೆ.

ಲೆಕ್ಕದ ಪುಸ್ತಕ

ಕಟ್ಟಿದ ನಂತರದ ನಕ್ಷೆಗಳು, ಅದರಲ್ಲೂ ನೆಲದಡಿಯ ನೀರು, ಒಳಚರಂಡಿ, ವಿದ್ಯುತ್ ಲೈನ್‌ಗಳದ್ದು. ಅವಿಲ್ಲದೆ ಒಂದು ಪೈಪ್ ಒಡೆದರೆ ಇಡೀ ರಸ್ತೆ ಅಗೆಯಬೇಕಾಗುತ್ತದೆ. ಪ್ರತಿ ಕೊಳವೆಬಾವಿಯ ಆಳ, ಕೇಸಿಂಗ್ ಎಷ್ಟು ಅಡಿ, ಮೋಟಾರ್ ಎಷ್ಟು ಅಡಿಯಲ್ಲಿದೆ, ಎಷ್ಟು ಎಚ್‌ಪಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಚಾಲನಾ ಸಮ್ಮತಿ ಮತ್ತು ಅದರ ಕೊನೆಯ ದಿನಾಂಕ. ಪರಿತ್ಯಾಜನಾ ಪತ್ರದ ಪ್ರತಿ. ಖರೀದಿದಾರರಿಂದ ಸಂಗ್ರಹಿಸಿದ ಕಾರ್ಪಸ್ (ಮೂಲನಿಧಿ) ಹಣ ಮತ್ತು ಅದರ ಬಡ್ಡಿಯ ಲೆಕ್ಕ. ಎಸ್‌ಟಿಪಿಯನ್ನು ಖಾಲಿ ಬಡಾವಣೆಯಲ್ಲಿ ಓಡಿಸಿ ತೋರಿಸಿದರೆ ಒಪ್ಪಬೇಡಿ, ಅರ್ಧಕ್ಕಿಂತ ಹೆಚ್ಚು ಮನೆ ತುಂಬಿದ ಮೇಲಿನ ಪ್ರಯೋಗಾಲಯ ವರದಿ ಬೇಕು.

ವಹಿಸಿಕೊಂಡರೂ ಬಿಲ್ಡರ್ ಹೊಣೆ ಮುಗಿಯುವುದಿಲ್ಲ. ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14(3)ರ ಪ್ರಕಾರ ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ಕಟ್ಟಡದಲ್ಲಾಗಲಿ ಸೌಕರ್ಯಗಳಲ್ಲಾಗಲಿ ದೋಷ ಕಂಡರೆ, ತಿಳಿಸಿದ 30 ದಿನದಲ್ಲಿ ಉಚಿತವಾಗಿ ಸರಿಪಡಿಸಬೇಕು. ವಾಟ್ಸಾಪ್ ಮೆಸೇಜನ್ನು ನೆಚ್ಚಿಕೊಳ್ಳಬೇಡಿ. ಫೋಟೊ ಸಮೇತ ಪತ್ರ ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಸೀದಿ ಫೈಲಿಗೆ ಹಾಕಿ. ಐದನೇ ವರ್ಷದ ಮಳೆಗಾಲ ಮುಗಿಯುವ ಮುಂಚೆ ಒಬ್ಬ ಸ್ವತಂತ್ರ ಇಂಜಿನಿಯರ್ ಕರೆಸಿ ಸಂಪು, ಎಸ್‌ಟಿಪಿ ಟ್ಯಾಂಕ್ ಗೋಡೆ, ಕಾಂಪೌಂಡ್, ಚರಂಡಿ ಇಳಿಜಾರು ಎಲ್ಲ ಪರೀಕ್ಷೆ ಮಾಡಿಸಿ ವರದಿ ಕಳಿಸಿ.